ಫೆಬ್ರುವರಿಯ ನೀರಿಗೆ ಎಷ್ಟು ಮೀನು

ಆಶ್ಲೇಷ ಮಳೆ ಒಂದು ವಾರ ಹಿಡಿದು ಹೊಡೆದರೆ ನವಲಗುಂದದ ಕಪ್ಪು ಎರೆ ಹೊಲದಿಂದ ಮುಂಡರಗಿಯ ಕೆಂಪು ಮಸಾರಿಯವರೆಗೆ ಕೃಷಿ ಹೊಂಡಗಳು ದಂಡೆಮಟ್ಟ ತುಂಬಿ ನಿಲ್ಲುತ್ತವೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಇಷ್ಟು ನೀರೈತಿ, ಎರಡು ಸಾವಿರ ಮರಿ ಬಿಟ್ರ ಹ್ಯಾಂಗ?" ಬಿಡಬಹುದು. ಸಂಕ್ರಾಂತಿಯ ಹೊತ್ತಿಗೆ ಬೆರಳಿಗಿಂತ ತುಸು ದಪ್ಪನಾದ, ತಲೆ ದೊಡ್ಡದು ಮೈ ಸಣ್ಣದಾದ ಮೀನುಗಳನ್ನು ಬುಟ್ಟಿಗಟ್ಟಲೆ ಹಿಡಿದು, ಕೊಳ್ಳುವವರಿಲ್ಲದೆ ತಿಪ್ಪೆಗೆ ಸುರಿಯಬಹುದು. ಅಷ್ಟು ದಿನ ಬದುಕಿದ್ದರೆ.

ಹೊಂಡಕ್ಕೆ ಎಷ್ಟು ಮೀನು ಬೇಕೆಂದು ಹೇಳುವುದು ಆಗಸ್ಟಿನ ನೀರಲ್ಲ, ಫೆಬ್ರುವರಿಯಲ್ಲಿ ತಳದಲ್ಲಿ ಉಳಿಯುವ ನೀರು. ಈ ಸೀಮೆಯ ಹೊಂಡವನ್ನು ಮೀನಿಗೆಂದು ಯಾರೂ ತೋಡಿಲ್ಲ. 2014-15ರಲ್ಲಿ ಹೊಂಡಕ್ಕೆ ಸರಕಾರದ ನೆರವಿನ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ತೋಡಿದ ಹೊಂಡಗಳೂ ಅದಕ್ಕೂ ಮೊದಲಿನವೂ ಬೆಳೆ ಒಣಗುವಾಗ ಒಂದು ನೀರು ಕೊಡಲು ಇರುವಂಥವು. ಮೀನು ಅಲ್ಲಿ ಬಾಡಿಗೆದಾರ. ಬಾಡಿಗೆದಾರನ ಲೆಕ್ಕ ಮಾಲೀಕನ ಖರ್ಚು ಕಳೆದ ಮೇಲೆ ಶುರುವಾಗಬೇಕು.

ಲೆಕ್ಕವನ್ನೇ ಮಾಡೋಣ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಬದಿ ಒಂದಕ್ಕೊಂದು ಇಳಿಜಾರು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇದ್ದರೆ ತಳ 15 ಮೀಟರ್ ಚೌಕ. ಪೂರ್ತಿ ತುಂಬಿದಾಗ ಸುಮಾರು 980 ಘನ ಮೀಟರ್, ಅಂದರೆ ಹತ್ತು ಲಕ್ಷ ಲೀಟರಿಗೆ ಸ್ವಲ್ಪ ಕಡಿಮೆ. ಮೇಲ್ಮೈ 441 ಚದರ ಮೀಟರ್, ನಾಲ್ಕು ಗುಂಟೆಗೆ ಚೂರು ಹೆಚ್ಚು. ಹಿಂಗಾರಿ ಕಡಲೆಗೋ ಜೋಳಕ್ಕೋ ಎರಡು ಎಕರೆಗೆ ಎರಡು ಇಂಚಿನಂತೆ ಒಮ್ಮೆ ನೀರು ಹಾಯಿಸಿದರೆ ನಾಲ್ಕು ಲಕ್ಷ ಲೀಟರ್ ಹೋಯಿತು. ಚಳಿಗಾಲದಲ್ಲೂ ಬಿಸಿಲು ಗಾಳಿಗೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆರುತ್ತದೆ. ಏಪ್ರಿಲ್ ಹೊತ್ತಿಗೆ ಅದು ತಿಂಗಳಿಗೆ ಹತ್ತಿರ ಹತ್ತಿರ ಒಂದು ಗೇಣು. ಕಪ್ಪತಗುಡ್ಡದ ಮೇಲೆ ಗಾಳಿಗಿರಣಿ ತಿರುಗಿಸುವ ಗಾಳಿಯೇ ಗದಗಿನ ಹೊಂಡಗಳ ನೀರನ್ನೂ ಎತ್ತಿಕೊಂಡು ಹೋಗುತ್ತದೆ. ಬಸಿಯುವುದು ಬೇರೆ. ಇಷ್ಟೆಲ್ಲ ಕಳೆದು ಫೆಬ್ರುವರಿಗೆ ನಾಲ್ಕು ಅಡಿ ಉಳಿದರೆ ಪುಣ್ಯ.

ನಾಲ್ಕು ಅಡಿ ಅಂದರೆ ಹತ್ತು ಅಡಿಯಲ್ಲಿ ನಾಲ್ಕು ಪಾಲು ಉಳಿಯಿತೆಂದು ಕಣ್ಣು ಹೇಳುತ್ತದೆ. ಹೊಂಡ ಕೆಳಗೆ ಕಿರಿದು. ನಾಲ್ಕು ಅಡಿಯಲ್ಲಿ ನೀರು ಸುಮಾರು 316 ಘನ ಮೀಟರ್, ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಮೇಲ್ಮೈ 300 ಚದರ ಮೀಟರ್. ಗಾಳಿ ಬಡಿಯುವ ಯಂತ್ರವಿಲ್ಲದ ಹೊಂಡದಲ್ಲಿ ಚದರ ಮೀಟರ್ ಮೇಲ್ಮೈಗೆ ಕಾಲು ಕೆಜಿ ಮೀನು ಎಂದಿಟ್ಟುಕೊಳ್ಳುವುದು ಕ್ಷೇಮ. ಹಾಗಾದರೆ 75 ಕೆಜಿ. ಅರ್ಧ ಕೆಜಿಯ ಮೀನು ಬೇಕಾದರೆ 150. ದಾರಿಯಲ್ಲಿ ಸಾಯುವುದು, ಹಕ್ಕಿ ಒಯ್ಯುವುದು ಸೇರಿ ನೂರಕ್ಕೆ ಹದಿನೈದು ಕಳೆಯುತ್ತದೆಂದರೆ ಬಿಡಬೇಕಾದ ಮರಿ 180. ಎರಡು ಸಾವಿರ ಎಲ್ಲಿ, 180 ಎಲ್ಲಿ!

ಈ ಸಂಖ್ಯೆ ಹೇಳಿದರೆ ಮುಖ ಸಪ್ಪಗಾಗುವುದು ಸಹಜ. ಆದರೆ ಹೊಂಡಕ್ಕೆ ಎಷ್ಟು ಮರಿ ಬಿಟ್ಟರೂ ಅದು ಕೊಡುವ ಒಟ್ಟು ತೂಕ ಹೆಚ್ಚುಕಡಿಮೆ ಅಷ್ಟೇ. ಆ ತೂಕ ನೂರೈವತ್ತು ಮೀನಿನ ಮೈಮೇಲೆ ಬರಬೇಕೋ ಸಾವಿರದೈನೂರರ ಮೇಲೆ ಬರಬೇಕೋ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಯಾವ ಮೀನು ಅನ್ನುವುದರಲ್ಲಿ ಮೊದಲು ನೋಡಬೇಕಾದದ್ದು ಅದು ಹೊಂಡದಲ್ಲೇ ಮರಿ ಹಾಕುತ್ತದೋ ಇಲ್ಲವೋ ಎಂದು. ಕಾಟ್ಲಾ, ರೋಹು, ಮೃಗಾಲ್ ಮೂರೂ ಹರಿಯುವ ಹೊಳೆಯ ಮೀನುಗಳು, ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಇಂಥ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಮೊಟ್ಟೆ ಇಡಿಸುವವರೆಗೆ ಮರಿ ಬೇಕೆಂದರೆ ಹೊಳೆಯಲ್ಲಿ ಸೋಸಬೇಕಿತ್ತು. ನಮ್ಮ ಲೆಕ್ಕಕ್ಕೆ ಇದು ವರ. 180 ಬಿಟ್ಟರೆ 180 ದಾಟುವುದಿಲ್ಲ. ಜಿಲೇಬಿ ಮೀನು (ತಿಲಾಪಿಯಾ) ಹಾಗಲ್ಲ. ಕೆಲವೇ ತಿಂಗಳಿಗೆ ಬಲಿತು, ಬಾಯಲ್ಲೇ ಮರಿ ಸಾಕಿ, ವರ್ಷ ತುಂಬುವುದರೊಳಗೆ ಹೊಂಡದ ತುಂಬ ಅಂಗೈ ಅಗಲದ ಸಂಸಾರ ಹೂಡುತ್ತದೆ. ಹಳ್ಳದ ನೀರು ಹೊಂಡಕ್ಕೆ ಬರುವ ಕಡೆ ಯಾರೂ ಬಿಡದೆಯೂ ಅದು ಬಂದು ಸೇರುತ್ತದೆ. ಆದ್ದರಿಂದ ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟುವುದು ಮರಿ ತರುವುದಕ್ಕಿಂತ ಮೊದಲಿನ ಕೆಲಸ.

ಸಾಮಾನ್ಯ ಗೆಂಡೆಯ ಬಗ್ಗೆ ಎರಡು ಮನಸ್ಸಿದೆ. ಬೇಗ ಬೆಳೆಯುತ್ತದೆ, ಗಟ್ಟಿ ಜೀವ. ಆದರೆ ಎರೆ ಮಣ್ಣಿನ ಹೊಂಡದಲ್ಲಿ ಅದು ತಳ ಕೆದರಿ ಕೆದರಿ ನೀರನ್ನು ಸದಾ ರಾಡಿ ಮಾಡುತ್ತದೆ, ಒಡ್ಡಿನ ಬುಡವನ್ನೂ ಕೊರೆಯುತ್ತದೆ, ಕಳೆ ಇದ್ದರೆ ಮೊಟ್ಟೆಯನ್ನೂ ಅಂಟಿಸುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಮೃಗಾಲ್ ಬದಲು ಅದನ್ನು ಬಿಡಬಹುದು, ಮಣ್ಣಿನ ಹೊಂಡದಲ್ಲಿ ಬೇಡ. ಎರಡೂ ತಳದ ಮೀನುಗಳಾದ್ದರಿಂದ ಒಟ್ಟಿಗೆ ಬಿಟ್ಟು ಜಗಳ ಹಚ್ಚುವುದರಲ್ಲಿ ಅರ್ಥವಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ದೇಶದಲ್ಲೇ ನಿಷೇಧವಿದೆ. ಯಾರೋ ಅಗ್ಗಕ್ಕೆ ಕೊಟ್ಟರೆಂದು ತರಬಾರದು.

ನಮ್ಮ 180ಕ್ಕೆ ರೋಹು 80, ಕಾಟ್ಲಾ 50, ಮೃಗಾಲ್ 40, ಹುಲ್ಲುಗೆಂಡೆ 10. ಪುಸ್ತಕಗಳಲ್ಲಿ ಕಾಟ್ಲಾ ಪಾಲು ಇದಕ್ಕಿಂತ ಹೆಚ್ಚಿರುತ್ತದೆ. ಕಾಟ್ಲಾಕ್ಕೆ ಅಗಲವಾದ, ಆಳವಾದ ನೀರು ಬೇಕು, ನಾಲ್ಕು ಗುಂಟೆಯಲ್ಲಿ ಅದರ ಬೆಳವಣಿಗೆ ಕುಗ್ಗುತ್ತದೆ, ಉಸಿರು ಕಟ್ಟಿದಾಗ ಮೊದಲು ಸೋಲುವುದೂ ಅದೇ. ಹುಲ್ಲುಗೆಂಡೆ ಹತ್ತಕ್ಕಿಂತ ಹೆಚ್ಚಾದರೆ ದಿನಾ ಹುಲ್ಲು ಕೊಯ್ದು ಹಾಕುವವರು ಬೇಕಾಗುತ್ತಾರೆ.

ಇನ್ನು ಸುಣ್ಣದ ವಿಷಯ. ಮೀನು ಸಾಕಣೆಯ ಯಾವ ಕೈಪಿಡಿ ತೆರೆದರೂ ಮೊದಲ ಹೆಜ್ಜೆ ಸುಣ್ಣ ಹಾಕುವುದು. ಹುಳಿ ಮಣ್ಣಿನ ಕರಾವಳಿ, ಮಲೆನಾಡಿಗೆ ಆ ಮಾತು ಸರಿ. ಧಾರವಾಡದ ಪೂರ್ವಕ್ಕೆ, ಗದಗಿನ ಬಹುಪಾಲಿಗೆ ಇರುವುದು ಸುಣ್ಣವನ್ನು ತನ್ನಲ್ಲೇ ಇಟ್ಟುಕೊಂಡ ಎರೆ. ಹೆಂಟೆ ಒಡೆದರೆ ಬಿಳಿ ಸುಣ್ಣದ ಹರಳು ಕಾಣುತ್ತದೆ, ಪಿಎಚ್ ಎಂಟರ ಆಚೆಗಿರುತ್ತದೆ. ಅಂಥಲ್ಲಿ ಸುಟ್ಟ ಸುಣ್ಣ ಸುರಿದರೆ ಆಗುವುದು ಕೇಡೇ. ಮೀನಿನ ಹೇಲು, ತಿನ್ನದೆ ಉಳಿದ ಹಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ನೀರಿನ ಪಿಎಚ್ 7 ಇದ್ದರೆ ಅದರಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. 8ಕ್ಕೆ ಏರಿದರೆ ಆರೇಳು ಪಾಲು, 9ಕ್ಕೆ ಏರಿದರೆ ನಲವತ್ತರ ಸುಮಾರು. ಪಾಚಿಗಟ್ಟಿದ ಹಸಿರು ನೀರು ಮಧ್ಯಾಹ್ನ ಮೂರು ಗಂಟೆಗೆ ತಾನಾಗಿಯೇ 9 ಮುಟ್ಟುತ್ತದೆ. ಇದ್ದ ಬೆಂಕಿಗೆ ಸುಣ್ಣದ ಉಪಕಾರ ಬೇಡ. ಪಿಎಚ್ ಕಾಗದದ ಪಟ್ಟಿ ನೀರಿನಲ್ಲಿ ಅದ್ದಿ ನೋಡಿ, ಬೆಳಗ್ಗೆ 7ಕ್ಕಿಂತ ಕೆಳಗಿದ್ದರೆ ಮಾತ್ರ ಹತ್ತು ಕೆಜಿ ಸುಣ್ಣ. ಹಾನಗಲ್ಲಿನ ಪಶ್ಚಿಮದಂಥ ಮಲೆನಾಡ ಸೆರಗಿನ ಮಣ್ಣಿಗೆ ಅದು ಬೇಕಾದೀತು. ಹುಲಕೋಟಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಿಗೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಂದು ಚೀಲ ಮಣ್ಣು ಒಯ್ದು ಕೇಳಿದರೆ ಅನುಮಾನವೇ ಉಳಿಯುವುದಿಲ್ಲ.

ಎರೆಯ ಇನ್ನೊಂದು ಕಾಟ ರಾಡಿ. ಗಾಜಿನ ಬಾಟಲಿಯಲ್ಲಿ ಹೊಂಡದ ನೀರು ತುಂಬಿ ರಾತ್ರಿಯಿಡೀ ಇಡಿ. ಬೆಳಗ್ಗೆ ಮಣ್ಣು ಕೆಳಗೆ ಕೂತಿದ್ದರೆ ಚಿಂತೆಯಿಲ್ಲ. ಚಹಾದಂತೆ ಹಾಗೇ ನಿಂತಿದ್ದರೆ ಅದು ಕೂರುವ ಮಣ್ಣಲ್ಲ. ಬೆಳಕು ಒಳಗೆ ಇಳಿಯದೆ ಪಾಚಿ ಹುಟ್ಟುವುದಿಲ್ಲ, ಪಾಚಿ ಇಲ್ಲದೆ ಮೀನಿಗೆ ಪುಕ್ಕಟೆ ಮೇವಿಲ್ಲ. ಜಿಪ್ಸಂ ಇದಕ್ಕೆ ಮದ್ದು, ಆದರೆ ಒಮ್ಮೆಲೇ ಹೊಂಡಕ್ಕೆ ಸುರಿಯುವ ಮೊದಲು ಬಕೆಟ್ಟಿನಲ್ಲಿ ಪರೀಕ್ಷೆ ಮಾಡಬೇಕು. ಹತ್ತು ಲೀಟರಿಗೆ ಎರಡೂವರೆ ಗ್ರಾಂ ಕಲಸಿ, ಮರುದಿನ ತಿಳಿಯಾದರೆ ಅದೇ ಪ್ರಮಾಣ, ಅಂದರೆ ಲಕ್ಷ ಲೀಟರಿಗೆ 25 ಕೆಜಿ. ತಿಳಿಯಾಗದಿದ್ದರೆ ದುಡ್ಡು ಉಳಿಯಿತು.

ಗೊಬ್ಬರದಲ್ಲೂ ಈ ಮಣ್ಣಿಗೆ ಒಂದು ಗುಟ್ಟಿದೆ. ಸೂಪರ್ ಫಾಸ್ಫೇಟನ್ನು ಹೊಲಕ್ಕೆ ಎರಚಿದಂತೆ ಎರಚಿದರೆ ಕಾಳು ಸೀದಾ ತಳಕ್ಕೆ ಹೋಗಿ ಅಲ್ಲಿನ ಸುಣ್ಣಕ್ಕೆ ಅಂಟಿಕೊಳ್ಳುತ್ತದೆ, ನೀರಿಗೆ ಸಿಗುವುದಿಲ್ಲ. ತಿಂಗಳಿಗೊಂದು ಕೆಜಿಯನ್ನು ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ, ಬೆಳಗ್ಗೆ ಮೇಲಿನ ತಿಳಿಯನ್ನು ನೀರಿನ ಮೇಲೆ ಚಿಮುಕಿಸಬೇಕು. ಸಗಣಿ ಮರಿ ಬಿಡುವ ಹದಿನೈದು ದಿನ ಮೊದಲು 90 ಕೆಜಿ, ಆಮೇಲೆ ಹದಿನೈದು ದಿನಕ್ಕೊಮ್ಮೆ 15 ಕೆಜಿ, ಅದನ್ನೂ ಕಲಸಿ ತೆಳ್ಳಗೆ ಮಾಡಿ. ನೀರಿನ ಬಣ್ಣ ಎಳೆ ಹಸಿರು ಇಲ್ಲವೇ ಹಸಿರುಗಂದು ಆಗಬೇಕು. ಮೊಣಕೈವರೆಗೆ ಕೈ ಇಳಿಸಿ ನೋಡಿ. ಅಂಗೈ ಮಸುಕಾಗಿ ಕಾಣುತ್ತಿದ್ದರೆ ಹದ. ನಿಚ್ಚಳ ಕಂಡರೆ ಗೊಬ್ಬರ ಬೇಕು. ಮಣಿಕಟ್ಟು ಮುಳುಗುವಾಗಲೇ ಅಂಗೈ ಮಾಯವಾದರೆ ಗೊಬ್ಬರ, ಮೇವು ಎರಡೂ ಬಂದ್.

ಮರಿ ಎಂದರೆ ಎಲ್ಲ ಒಂದೇ ಅಲ್ಲ. ಜೀರಿಗೆಕಾಳಿನಷ್ಟರ ಸ್ಪಾನ್, ಇಂಚಿನಷ್ಟರ ಬಿತ್ತನೆ ಮರಿ, ಮೂರು-ನಾಲ್ಕು ಇಂಚಿನ ಬಲಿತ ಬಿತ್ತನೆ ಮರಿ. ತುಂಗಭದ್ರಾ ಅಣೆಕಟ್ಟಿನ ಬಳಿಯ ಮೀನುಮರಿ ಕೇಂದ್ರದಿಂದ, ಭದ್ರಾ ಅಣೆಕಟ್ಟಿನ ಬಳಿಯ ಬಿಆರ್‌ಪಿ (ಭದ್ರಾ ರಿವರ್ ಪ್ರಾಜೆಕ್ಟ್) ಕಡೆಯಿಂದ ಈ ಭಾಗಕ್ಕೆ ಮರಿ ಬರುತ್ತವೆ. ನಮ್ಮ ಹೊಂಡದಲ್ಲಿ ನೀರು ಇರುವುದೇ ಆರೇಳು ತಿಂಗಳು. ಇಂಚಿನ ಮರಿ ಬಿಟ್ಟರೆ ಮೊದಲ ಎರಡು ತಿಂಗಳು ಅದು ಬದುಕುವುದರಲ್ಲೇ ಕಳೆಯುತ್ತದೆ, ಅರ್ಧಕ್ಕರ್ಧ ಕಪ್ಪೆ, ನೀರುಹುಳ, ಹಾವಿನ ಪಾಲು. ಸಂಖ್ಯೆ ಕಡಿಮೆ ಬೇಕಾದವರು ದೊಡ್ಡ ಮರಿಗೆ ದುಡ್ಡು ಕೊಡಬೇಕು. ಹಿಂದಿನ ವರ್ಷದ, ಇಕ್ಕಟ್ಟಿನಲ್ಲಿ ಬೆಳೆಯದೆ ನೂರು ಗ್ರಾಮಿಗೆ ನಿಂತ ಮರಿ ಸಿಕ್ಕರೆ ಬಂಗಾರ. ಅಗಲ ನೀರಿಗೆ ಬಿದ್ದೊಡನೆ ಅವು ಹಿಂದಿನ ಬಾಕಿ ತೀರಿಸುವಂತೆ ಬೆಳೆಯುತ್ತವೆ.

ಬಿಡುವುದು ಪುಷ್ಯ, ಆಶ್ಲೇಷದ ಹೊತ್ತಿಗೆ, ಹೊಂಡದಲ್ಲಿ ಕನಿಷ್ಠ ಐದು ಅಡಿ ನೀರು ನಿಂತ ಮೇಲೆ, ಸಂಜೆ ಇಲ್ಲವೇ ಮುಂಜಾನೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಹೊಂಡದ ಮೇಲೆ ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ, ಒಂದು ಚೊಂಬು ಹೊಂಡದ ನೀರು ಒಳಗೆ. ಐದು ನಿಮಿಷ ಬಿಟ್ಟು ಇನ್ನೊಂದು. ನಾಲ್ಕೈದು ಚೊಂಬು ಆದಮೇಲೆ ಚೀಲ ಓರೆ ಮಾಡಿ ಹಿಡಿದರೆ ಮರಿಗಳು ತಾವಾಗಿ ಈಜಿ ಹೊರಗೆ ಬರಬೇಕು, ಸುರಿಯಬಾರದು. ಹೊರಬಂದ ಮರಿ ನೇರ ಆಳಕ್ಕೆ ಹೋದರೆ ಕೆಲಸ ಸರಿಯಾಗಿದೆ. ದಂಡೆಯ ಬದಿಗೇ ಮೈ ಓರೆ ಮಾಡಿ ತಿರುಗುತ್ತಿದ್ದರೆ ದಾರಿಯಲ್ಲೇ ಸೊರಗಿದೆ, ನಾಳೆ ಬೆಳಗ್ಗೆ ತೇಲುತ್ತದೆ. ಅವಸರದವರು ಇಲ್ಲಿ ಉಳಿಸುವುದು ಅರ್ಧ ಗಂಟೆ, ಕಳೆಯುವುದು ಕಾಲುಪಾಲು ಮರಿ. ಕಪ್ಪಿನ ಲೆಕ್ಕದಲ್ಲಿ ಅಳೆದು ಕೊಟ್ಟ ಮರಿಯಾದರೆ ಒಂದು ಕಪ್ಪನ್ನಾದರೂ ಎದುರಿಗೇ ಎಣಿಸಿ ನೋಡಬೇಕು.

ಮೇವು ಸರಳ. ಶೇಂಗಾ ಹಿಂಡಿ, ಅಕ್ಕಿ ತೌಡು ಸಮಪಾಲು, ರಾತ್ರಿ ನೆನೆಸಿ ಉಂಡೆ ಕಟ್ಟಿ, ತೂತು ಮಾಡಿದ ಗೊಬ್ಬರದ ಚೀಲದಲ್ಲಿ ಹಾಕಿ ಬಿದಿರಿಗೆ ಕಟ್ಟಿ ನೀರಿಗೆ ಇಳಿಬಿಡುವುದು. ಎಷ್ಟು ಅನ್ನುವುದಕ್ಕೆ ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಹತ್ತು ಮೀನು ತೂಗಬೇಕು. ಸರಾಸರಿ 120 ಗ್ರಾಂ ಬಂತೆನ್ನಿ. ಬದುಕಿರುವ ಮೀನು 165 ಎಂದು ಹಿಡಿದರೆ ಒಟ್ಟು 20 ಕೆಜಿ, ಅದರ ನೂರಕ್ಕೆ ಮೂರು, ದಿನಕ್ಕೆ 600 ಗ್ರಾಂ. ಡಿಸೆಂಬರಿನಲ್ಲಿ 350 ಗ್ರಾಂ ಆದಾಗ ನೂರಕ್ಕೆ ಎರಡು ಸಾಕು, ಒಂದು ಕೆಜಿ ಚಿಲ್ಲರೆ. ಥಂಡಿಯ ಮುಂಜಾನೆ ಮೀನು ಬಾಯಿ ಹಾಕುವುದಿಲ್ಲ, ಹನ್ನೊಂದು ಗಂಟೆಯ ಬಿಸಿಲಿಗೆ ಕಾಯಬೇಕು. ಎರಡು ತಾಸಿನ ಮೇಲೂ ಚೀಲದಲ್ಲಿ ಮೇವು ಉಳಿದಿದ್ದರೆ ಮರುದಿನ ಅಷ್ಟನ್ನು ಕಡಿಮೆ ಮಾಡಿ. ಗಂಟು ಬಿಗಿದ ಚೀಲ ಎತ್ತಿ ನೋಡದೆ ದಿನಾ ತುಂಬುವುದೇ ಹೊಂಡ ಕೆಡುವ ಸುಲಭದ ದಾರಿ.

ಹೊಂಡ ನಿಜವಾಗಿ ಸೋಲುವ ಹೊತ್ತು ಯಾವುದೆಂದರೆ ಮೋಡ ಕವಿದ ಮೂರನೆಯ ದಿನದ ನಸುಕು. ಹಗಲು ಪಾಚಿ ಬಿಸಿಲು ಹಿಡಿದು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಮೀನಿನ ಜೊತೆ ಉಸಿರಾಡಿ ಅದನ್ನು ಖರ್ಚು ಮಾಡುತ್ತದೆ. ಬಿಸಿಲಿಲ್ಲದ ದಿನ ಗಳಿಕೆ ಇಲ್ಲ, ಖರ್ಚು ಮಾತ್ರ ಹಾಗೇ. ನೀರು ಹಸಿರಾದಷ್ಟೂ ಖರ್ಚು ಹೆಚ್ಚು. ಬೆಳಗಿನ ನಾಲ್ಕರಿಂದ ಆರರೊಳಗೆ ಟಾರ್ಚ್ ಹಿಡಿದು ಹೋದರೆ ಕಾಣುತ್ತದೆ: ಮೇಲ್ಮೈಯಲ್ಲಿ ಸಾಲಾಗಿ ದುಂಡನೆಯ ಬಾಯಿಗಳು, ತೆರೆದು ಮುಚ್ಚಿ ತೆರೆದು ಮುಚ್ಚಿ, ಹೆಜ್ಜೆ ಸಪ್ಪಳಕ್ಕೂ ಕೆಳಗೆ ಹೋಗವು. ಹಸಿವೆಂದು ತಿಳಿದು ಮೇವು ಎರಚುವವರಿದ್ದಾರೆ. ಅದಕ್ಕಿಂತ ಕೆಟ್ಟ ಕೆಲಸವಿಲ್ಲ.

ಮಾಡಬೇಕಾದದ್ದು ನೀರನ್ನು ಗಾಳಿಗೆ ಒಡ್ಡುವುದು. ಶೇಂಗಾಕ್ಕೆಂದು ಇಟ್ಟ ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಪಂಪು ಬಹಳ ಮನೆಯಲ್ಲಿವೆ. ನೀರೆಳೆಯುವ ತುದಿಯ ಫುಟ್‌ವಾಲ್ವನ್ನು ತಳದಲ್ಲಿ ಬಿಡದೆ ಮೇಲಿನಿಂದ ಎರಡು ಅಡಿಗೆ ಕಟ್ಟಿ, ಸ್ಪ್ರಿಂಕ್ಲರನ್ನು ಒಡ್ಡಿನ ಮೇಲೆ ನಿಲ್ಲಿಸಿ, ಹೊಂಡದ ನೀರು ಹೊಂಡಕ್ಕೇ ಮಳೆಯಾಗಿ ಬೀಳುವಂತೆ ಸೂರ್ಯ ಮೇಲೇರುವವರೆಗೆ ಓಡಿಸಿ. ತಳದಿಂದ ಎಳೆದರೆ ಅಲ್ಲಿನ ಕೊಳೆ ಎದ್ದು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಹೊಲದ ಮೂರು ಫೇಸ್ ಕರೆಂಟು ಆ ಹೊತ್ತಿಗೆ ಇರುತ್ತದೆಂಬ ಧೈರ್ಯ ಬೇಡ, ಡೀಸೆಲ್ ಡಬ್ಬಿ ತುಂಬಿಟ್ಟಿರಬೇಕು. ಎರಡು ದಿನ ಮೇವಿಲ್ಲ, ಹದಿನೈದು ದಿನ ಸಗಣಿ ಇಲ್ಲ.

ಸತ್ತ ಮೀನು ಕಾರಣವನ್ನೂ ಹೇಳುತ್ತದೆ. ನಸುಕಿನಲ್ಲಿ ಸತ್ತು, ದೊಡ್ಡವೇ ಮೊದಲು ತೇಲಿದರೆ ಉಸಿರಿನ ಸಾವು. ಹಾಡಹಗಲೇ ಸತ್ತು, ಸಣ್ಣವು ಮೊದಲು ಹೋಗಿ, ಬದುಕಿದವು ಗಿರಗಿರ ತಿರುಗುತ್ತಿದ್ದರೆ ಬೆಳೆಗೆ ಹೊಡೆದ ಔಷಧ. ಬ್ಯಾಡಗಿ ಮೆಣಸಿನಕಾಯಿ, ಹತ್ತಿ ಹೊಲಗಳ ನಡುವಿನ ಹೊಂಡಕ್ಕೆ ಹಕ್ಕಿ ಹಾವಿಗಿಂತ ಇದರ ಭಯವೇ ದೊಡ್ಡದು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್‌ನಂಥ ಕೀಟನಾಶಕಗಳು ಲವಲೇಶ ಸೋಕಿದರೂ ಮೀನಿಗೆ ವಿಷ. ಸಿಂಪಡಿಸಿದ ಟಾಕಿಯನ್ನು ಹೊಂಡದ ದಂಡೆಯಲ್ಲಿ ತೊಳೆದರೆ ಆರು ತಿಂಗಳ ಕೆಲಸ ಒಂದು ಸಂಜೆಗೆ ಮುಗಿಯಿತು. ಪಕ್ಕದ ಹೊಲದವರಿಗೂ ಇದನ್ನು ಮೊದಲೇ ಹೇಳಿಡಬೇಕು. ಒಳಬಾಯಿಯ ಮುಂದೆ ಹೂಳುಗುಂಡಿ ತೋಡಿ, ಸಿಂಪಡಣೆಯ ನಂತರದ ಮೊದಲ ಮಳೆಯ ನೀರನ್ನು ಬದಿಗೆ ತಿರುಗಿಸಿಬಿಡುವುದು ಉತ್ತಮ.

ಹಕ್ಕಿಗಳಲ್ಲಿ ಲೆಕ್ಕಕ್ಕೆ ಇಡಬೇಕಾದದ್ದು ನೀರುಕಾಗೆ. ಗುಂಪಾಗಿ ಇಳಿದು ಮುಳುಗಿ ಹಿಡಿಯುತ್ತದೆ. ಎರಡು ಮೀಟರಿಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ನೈಲಾನ್ ದಾರ ಕಟ್ಟಿದರೆ ಇಳಿಯಲು ಹಿಂಜರಿಯುತ್ತದೆ. ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿನ ಮೇಲೆ ಮೀನಿನ ಆಪಾದನೆ ಹೊರಿಸುವವರುಂಟು. ಅದು ಹೊಲದ ಹಸಿರು ಮೇಯುವ ಹಕ್ಕಿ, ಮೀನಿನ ಗೊಡವೆ ಅದಕ್ಕಿಲ್ಲ. ಇನ್ನು ಮನುಷ್ಯರ ಜೀವಕ್ಕಾಗಿ ಹೊಂಡಕ್ಕೆ ಬೇಲಿ, ಪ್ಲಾಸ್ಟಿಕ್ ಹೊಂಡವಾದರೆ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ಒಂದು ಟೈರು ಇರಲೇಬೇಕು. ಜಾರುವ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು.

ಹಿಡಿಯುವುದನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಡಿಸೆಂಬರಿನಿಂದಲೇ ದೊಡ್ಡ ಕಣ್ಣಿನ ಎಳೆಬಲೆಯಲ್ಲಿ ಅರ್ಧ ಕೆಜಿ ಮುಟ್ಟಿದವನ್ನು ವಾರಕ್ಕೆ ಹತ್ತರಂತೆ ತೆಗೆದರೆ ಉಳಿದವಕ್ಕೆ ಜಾಗ ಸಿಗುತ್ತದೆ, ಊರಲ್ಲಿ ಜೀವಂತ ಮೀನಿಗೆ ಗಿರಾಕಿಯೂ ಸಿಗುತ್ತಾರೆ. ಹುಬ್ಬಳ್ಳಿ ಮಾರುಕಟ್ಟೆಗೆ ಕಾರವಾರ, ಅಂಕೋಲೆಯ ಸಮುದ್ರದ ಮೀನು ಬಂದು ಬೀಳುವ ಕಡೆ ನಮ್ಮ ಎಪ್ಪತ್ತೈದು ಕೆಜಿ ಒಯ್ದು ಚೌಕಾಸಿ ಮಾಡುವುದಕ್ಕಿಂತ ಭಾನುವಾರ ಬೆಳಗ್ಗೆ ಹೊಂಡದ ದಂಡೆಯಲ್ಲೇ ತೂಗುವುದು ಲೇಸು. ಸೋಮವಾರ, ಗುರುವಾರ, ಶನಿವಾರ ಬಲೆ ಒಣಗಲಿ. ಇದರಿಂದ ಸಾಲ ತೀರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಗೆ ಮೀನು, ಹಿಂಡಿ ಡೀಸೆಲ್ ಖರ್ಚು ಕಳೆದು ಕೈಗೆ ಒಂದಿಷ್ಟು ಹಣ.

ಹೊಂಡದ ನಡುವೆ ಅಡಿ ಅಡಿಗೆ ಕೆಂಪು ಗೀಟು ಎಳೆದ ಒಂದು ಕೋಲು ನೆಟ್ಟಿರಿ. ನೀರು ನಾಲ್ಕನೆಯ ಗೀಟಿಗೆ ಬಂದ ವಾರ ಉಳಿದ ಮೀನನ್ನೆಲ್ಲ ತೆಗೆಯಲು ಶುರುಮಾಡಿ, ಎರಡನೆಯ ಗೀಟಿಗೆ ಕಾಯಬೇಡಿ. ಅಷ್ಟರಲ್ಲಿ ಬಿಸಿಲಿಗೆ ಕಾದ ರಾಡಿಯಲ್ಲಿ ಮೀನು ಕಂದಿ, ಮಾಂಸಕ್ಕೆ ಮಣ್ಣಿನ ವಾಸನೆ ಹತ್ತಿರುತ್ತದೆ. ಕೊನೆಗೆ ಉಳಿದ ಗುಂಡಿಯಲ್ಲಿ ಜಿಲೇಬಿಯೋ ಕೊರವವೋ ಸಿಕ್ಕೇ ಸಿಗುತ್ತದೆ. ಅವನ್ನು ಬಿಟ್ಟರೆ ಬರುವ ವರ್ಷದ ಮರಿಗೆ ಯಮ. ನೀರು ಬತ್ತದಿದ್ದರೆ ಹತ್ತು ಸಾವಿರ ಲೀಟರಿಗೆ ಎರಡೂವರೆ ಕೆಜಿಯಂತೆ ಹಿಪ್ಪೆ ಹಿಂಡಿ ನೆನೆಸಿ ಎರಚಬೇಕು, ಅದರ ವಿಷ ಇಳಿಯಲು ಮೂರು ವಾರ ಹಿಡಿಯುತ್ತದೆ. ಬತ್ತಿದರೆ ಆ ಖರ್ಚೂ ಬೇಡ. ಮೇ ತಿಂಗಳಲ್ಲಿ ತಳದ ಎರೆ ಬಿರಿದು, ಕಾಲು ಹುಗಿಯದೆ ನಡೆಯುವಂತಾದಾಗ ಮೇಲಿನ ಒಂದು ಗೇಣು ಕರಿ ಹೂಳನ್ನು ಎತ್ತಿ ಮೆಣಸಿನಕಾಯಿ ಹೊಲಕ್ಕೆ ಹಾಕಿ, ಒಳಬಾಯಿಯ ಬಲೆ ಹರಿದಿದೆಯೋ ನೋಡಿ ಹೊಲಿದಿಡಿ. ಮಿರಗದ ಮೊದಲ ನೀರಿಗೆ ಆ ಬಿರುಕುಗಳು ಒಂದೆರಡು ದಿನ ಕುಡಿದು, ಉಬ್ಬಿ, ತಾವಾಗಿಯೇ ಮುಚ್ಚಿಕೊಳ್ಳುತ್ತವೆ.